ಮನವೊಲಿಸುವ ಮಾತು ಮತ್ತು ಅರಿತ ಕೇಳುಗ: ಕುಮಾರವ್ಯಾಸನ ಕೃಷ್ಣ–ಕರ್ಣ ಸಂವಾದವನ್ನು ಕುರಿತು

1. ಪೀಠಿಕೆ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯಲ್ಲಿ, ಅದೇ ದಿಕ್ಕಿನ ರೈಲುಮಾರ್ಗದ ನಿಲ್ದಾಣವೊಂದನ್ನೂ ಹೊಂದಿರುವ ಊರು ಕಡಕೊಳ. ಒಂದು ಕಡೆ ಹೊಲಗದ್ದೆ, ಇನ್ನೊಂದು ಕಡೆ ಕೈಗಾರಿಕಾ ಪ್ರದೇಶ. ಹಳ್ಳಿಯಾಗಿದ್ದುದು ಪಟ್ಟಣ ಪಂಚಾಯಿತಿಯಾಗಿ ಬೆಳೆದ ಊರು. ಇಂತಹ ಊರಿನ ಕೇಳುಗನ ಕಿವಿಗೆ ಒಂದೇ ವಾರದಲ್ಲಿ ಹಲವು ಬಗೆಯ ಮಾತುಗಳು ಬೀಳುತ್ತವೆ. ಚುನಾವಣೆಯ ವೇದಿಕೆಯ ಭಾಷಣ, ಜಮೀನು ಕೊಳ್ಳಲು ಬಂದವರ ಒಡಂಬಡಿಕೆಯ ಮಾತು, ಕಾರ್ಖಾನೆಯ ಗೇಟಿನ ಮುಂದೆ ಸಂಘಟನೆಯವರ ಕರೆ, ಹಬ್ಬದಲ್ಲಿ ಹರಿಕಥೆ ದಾಸರ ಉಪದೇಶ, ಸಂತೆಯಲ್ಲಿ ಮಾರುವವನ ಕೂಗು. ಇವೆಲ್ಲವೂ ಒಂದಲ್ಲ ಒಂದು ಬಗೆಯಲ್ಲಿ ಕೇಳುಗನ ಮನಸ್ಸನ್ನು ಒಲಿಸಿಕೊಳ್ಳಲು ಹೊರಟ ಮಾತುಗಳೇ ಆಗಿವೆ. ಈ ಮಾತುಗಳ ಒಳರಚನೆಯನ್ನು ಗುರುತಿಸುವ ಸಾಮರ್ಥ್ಯವನ್ನು ಸಾಹಿತ್ಯದ ಓದು ಕಟ್ಟಿಕೊಡಬಲ್ಲುದೆ ಎಂಬುದು ಕನ್ನಡ ಅಧ್ಯಾಪನದ ಎದುರಿಗಿರುವ ಗಂಭೀರವಾದ ಪ್ರಶ್ನೆ.

ಕನ್ನಡ ತರಗತಿಗಳಲ್ಲಿ ಅಲಂಕಾರ, ರಸ, ಛಂದಸ್ಸುಗಳ ಬೋಧನೆಗೆ ದೊರೆತಿರುವ ಅವಧಾನ ವಾದದ ರಚನೆಗೆ ದೊರೆತಿಲ್ಲ. ಮನವೊಲಿಕೆಯ ಅಧ್ಯಯನವೆಂದರೆ ಅದು ಪಾಶ್ಚಾತ್ಯ ವಾಕ್‌ಶಾಸ್ತ್ರದ ವಿಷಯವೆಂದೋ, ಸಂವಹನ ವಿಭಾಗಕ್ಕೆ ಸೇರಿದ್ದೆಂದೋ ಬದಿಗಿಡುವುದುಂಟು. ಆದರೆ ಕಾವ್ಯಶಾಸ್ತ್ರದ ಕುರಿತ ವ್ಯಾಸಂಗವಿಲ್ಲದೆಯೂ ಸಹಜವಾಗಿ ಕಾವ್ಯಪ್ರಯೋಗದಲ್ಲಿ ನಿಪುಣರಾದವರು ಈ ನಾಡಿನ ಜನ ಎಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಹೇಳಿದೆ. ಮಾತಿನ ಹದವನ್ನು ಅರಿತು ಆಡುವುದು ಈ ನಾಡಿನ ಹಳೆಯ ಹೆಗ್ಗಳಿಕೆಯಾದರೆ, ಆಡಿದ ಮಾತಿನ ಹದವನ್ನು ಅರಿತು ಕೇಳುವುದೂ ಅದರ ಇನ್ನೊಂದು ಮುಖವಾಗಬೇಕಷ್ಟೆ.

ಪ್ರಸ್ತುತ ಲೇಖನವು ಕುಮಾರವ್ಯಾಸನ ಕರ್ಣಾಟ ಭಾರತ ಕಥಾಮಂಜರಿಯ ಉದ್ಯೋಗಪರ್ವದಲ್ಲಿ ಬರುವ ಕೃಷ್ಣ–ಕರ್ಣರ ಸಂವಾದವನ್ನು ಮನವೊಲಿಕೆಯ ಪಠ್ಯವಾಗಿ ಓದಲು ಯತ್ನಿಸುತ್ತದೆ. ಪ್ರೌಢಶಾಲೆಯ ಪಠ್ಯದಲ್ಲಿಯೂ ಕಾಣಿಸಿಕೊಂಡಿರುವ ಈ ಭಾಗವನ್ನು ಸಾಮಾನ್ಯವಾಗಿ ಕರ್ಣನ ಸ್ವಾಮಿನಿಷ್ಠೆಯ ನಿದರ್ಶನವಾಗಿ ಬೋಧಿಸಲಾಗುತ್ತದೆ. ಅದು ಸರಿಯೇ. ಆದರೆ ಆ ನಿಷ್ಠೆ ಎಂತಹ ಮಾತಿನ ಎದುರು ನಿಂತಿತು, ಎಷ್ಟರಮಟ್ಟಿಗೆ ನಿಂತಿತು ಎಂಬುದನ್ನು ಗಮನಿಸದಿದ್ದರೆ ಪದ್ಯದ ಅರ್ಧ ಮಾತ್ರ ಓದಿದಂತಾಗುತ್ತದೆ.

2. ಪರಿಭಾಷೆಯ ನೆಲೆ

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಮಾತುಗಾರ ಬಳಸುವ ಸಾಧನಗಳನ್ನು ಮೂರಾಗಿ ವಿಂಗಡಿಸಿದನು. ಮಾತನಾಡುವವನ ವ್ಯಕ್ತಿತ್ವದಿಂದ ಹುಟ್ಟುವ ನಂಬುಗೆ (ಎಥೋಸ್), ಕೇಳುಗನಲ್ಲಿ ಎಬ್ಬಿಸುವ ಭಾವ (ಪೇಥೋಸ್), ಮಾತಿನಲ್ಲಿಯೇ ಅಡಗಿರುವ ಯುಕ್ತಿ (ಲೋಗೋಸ್) ಎಂಬಿವೇ ಆ ಮೂರು. ನಂಬುಗೆಯು ಮಾತುಗಾರನ ಹಿಂದಿನ ಕೀರ್ತಿಯಿಂದಲ್ಲದೆ ಆಡುತ್ತಿರುವ ಮಾತಿನ ಮೂಲಕವೇ ಹುಟ್ಟಬೇಕು ಎಂಬುದು ಆತನ ಮುಖ್ಯವಾದ ಒಳನೋಟ.

ಭಾರತೀಯ ಚಿಂತನೆಯಲ್ಲಿ ಇವುಗಳಿಗೆ ನೇರವಾದ ಸಂವಾದಿ ಪದಗಳನ್ನು ಹುಡುಕುವುದಕ್ಕಿಂತ ಅಲ್ಲಿ ಎದ್ದಿರುವ ಬೇರೆ ಪ್ರಶ್ನೆಗಳನ್ನು ಗಮನಿಸುವುದು ಹೆಚ್ಚು ಫಲಕಾರಿ. ನ್ಯಾಯದರ್ಶನವು ಆಪ್ತನ ಉಪದೇಶವನ್ನು ಶಬ್ದಪ್ರಮಾಣವೆಂದು ಒಪ್ಪುತ್ತದೆ. ವಾತ್ಸ್ಯಾಯನನ ಭಾಷ್ಯದ ಪ್ರಕಾರ ಆಪ್ತನೆನಿಸಲು ವಿಷಯವನ್ನು ಸಾಕ್ಷಾತ್ತಾಗಿ ಅರಿತಿದ್ದರಷ್ಟೇ ಸಾಲದು. ಅರಿತುದನ್ನು ಅರಿತಂತೆಯೇ ತಿಳಿಸುವ ಇಚ್ಛೆಯೂ ಇರಬೇಕು. ಅಂದರೆ ಜ್ಞಾನ ಮತ್ತು ಉದ್ದೇಶ ಎರಡನ್ನೂ ಪರೀಕ್ಷಿಸಬೇಕಾಗುತ್ತದೆ. ನ್ಯಾಯಸೂತ್ರವು ಚರ್ಚೆಯನ್ನೂ ವಾದ, ಜಲ್ಪ, ವಿತಂಡ ಎಂದು ಮೂರಾಗಿ ವಿಂಗಡಿಸುತ್ತದೆ. ತತ್ತ್ವವನ್ನು ತಿಳಿಯಲು ನಡೆಯುವುದು ವಾದ. ಗೆಲ್ಲಲು ನಡೆಯುವುದು ಜಲ್ಪ. ತನ್ನದೆಂಬ ಪಕ್ಷವೇ ಇಲ್ಲದೆ ಎದುರಾಳಿಯ ಪಕ್ಷವನ್ನು ಮುರಿಯುವುದಷ್ಟೇ ವಿತಂಡ. ಹಾಗೆಯೇ ರಾಜನೀತಿಯ ಗ್ರಂಥಗಳು ಹೇಳುವ ಸಾಮ, ದಾನ, ಭೇದ, ದಂಡಗಳೆಂಬ ನಾಲ್ಕು ಉಪಾಯಗಳಲ್ಲಿ ಮೊದಲ ಮೂರು ಬಹುಮಟ್ಟಿಗೆ ಮಾತಿನ ಮೂಲಕವೇ ನಡೆಯುವಂಥವು. ಕಾವ್ಯಮೀಮಾಂಸೆಯಲ್ಲಿ ಮಮ್ಮಟನು ಹೇಳುವ ಪ್ರಭುಸಮ್ಮಿತ, ಸುಹೃತ್‌ಸಮ್ಮಿತ, ಕಾಂತಾಸಮ್ಮಿತ ಎಂಬ ವಿಂಗಡಣೆಯೂ ಮೂಲತಃ ಮಾತು ಕೇಳುಗನನ್ನು ಒಪ್ಪಿಸುವ ಬಗೆಗಳ ವಿಂಗಡಣೆಯೇ. ಒಡೆಯನಂತೆ ಅಪ್ಪಣೆ ಮಾಡುವ, ಗೆಳೆಯನಂತೆ ತಿಳಿಹೇಳುವ, ಪ್ರಿಯೆಯಂತೆ ಸರಸದಿಂದ ಒಲಿಸುವ ಮಾತುಗಳ ನಡುವಣ ಅಂತರವನ್ನು ಅದು ಗುರುತಿಸುತ್ತದೆ.

ಮೇಲಿನ ಎರಡು ಪರಂಪರೆಗಳನ್ನು ಒಟ್ಟಿಗೆ ಇರಿಸಿದಾಗ ಎರಡು ಬಗೆಯ ಪ್ರಶ್ನೆಗಳು ದೊರೆಯುತ್ತವೆ. ಮಾತು ಯಾವ ಸಾಧನದಿಂದ ಒಲಿಸುತ್ತಿದೆ ಎಂಬುದು ಮೊದಲನೆಯದು. ಯಾವ ಉದ್ದೇಶಕ್ಕಾಗಿ ಒಲಿಸುತ್ತಿದೆ ಎಂಬುದು ಎರಡನೆಯದು. ಕೃಷ್ಣ–ಕರ್ಣ ಸಂವಾದವನ್ನು ಈ ಎರಡೂ ಪ್ರಶ್ನೆಗಳ ಬೆಳಕಿನಲ್ಲಿ ನೋಡಬಹುದಾಗಿದೆ.

3. ಕೃಷ್ಣನ ಮಾತಿನ ಕಟ್ಟಡ

ಸಂಧಿಯ ಪ್ರಯತ್ನ ಮುರಿದುಬಿದ್ದಿದೆ. ಹಸ್ತಿನಾವತಿಯಿಂದ ಹೊರಟ ಕೃಷ್ಣನು ಬೀಳ್ಕೊಡಲು ಬಂದವರನ್ನು ಹಿಂದಕ್ಕೆ ಕಳುಹಿಸಿ ಕರ್ಣನನ್ನು ಮಾತ್ರ ತನ್ನೊಡನೆ ಉಳಿಸಿಕೊಳ್ಳುತ್ತಾನೆ. ಮನವೊಲಿಕೆಯ ಮೊದಲ ಹೆಜ್ಜೆ ಮಾತಿಗಿಂತ ಮುಂಚೆಯೇ, ಸ್ಥಳ ಮತ್ತು ಸಮಯದ ಆಯ್ಕೆಯಲ್ಲಿ ನಡೆದುಹೋಗಿದೆ. ಸಭೆಯಲ್ಲಿ ಆಡಬಹುದಾಗಿದ್ದ ಸತ್ಯವನ್ನು ಏಕಾಂತಕ್ಕೆ ಉಳಿಸಿಕೊಳ್ಳಲಾಗಿದೆ. ಸಭೆಯಲ್ಲಿ ಆಡಿದ್ದರೆ ಅದು ಎಲ್ಲರಿಗೂ ಸೇರಿದ ವಿಚಾರವಾಗುತ್ತಿತ್ತು, ಅದರ ಬಗೆಗೆ ಇತರರೂ ಪ್ರಶ್ನಿಸಬಹುದಾಗಿತ್ತು. ಏಕಾಂತದಲ್ಲಿ ಅದು ಒಬ್ಬನ ಎದೆಯ ಮೇಲಿನ ಭಾರವಾಗುತ್ತದೆ.

ಎರಡನೆಯ ಹೆಜ್ಜೆ ದೇಹದ ಭಾಷೆಯದು. ಮೈದುನತನದ ಸಲುಗೆಯಿಂದ ಕೃಷ್ಣನು ಕರ್ಣನನ್ನು ರಥದೊಳಕ್ಕೆ ಎಳೆದು ತನ್ನ ಪೀಠದಲ್ಲಿಯೇ ಕೂರಿಸಿಕೊಳ್ಳುತ್ತಾನೆ. ಸಮಾನವಾಗಿ ಕುಳಿತುಕೊಳ್ಳಲು ತಾನು ಅಂಜುವೆನೆಂದು ಕರ್ಣ ಸಂಕೋಚಪಡುತ್ತಾನೆ. ಕೃಷ್ಣನು ಇನ್ನಷ್ಟು ಹತ್ತಿರ ಸರಿದು, ತೊಡೆಗೆ ತೊಡೆ ತಾಗುವಂತೆ ಕುಳಿತು ಮಾತು ತೆಗೆಯುತ್ತಾನೆ. ಸೂತಪುತ್ರನೆಂಬ ಹೆಸರಿನಿಂದ ಬದುಕಿನುದ್ದಕ್ಕೂ ಅವಮಾನವನ್ನುಂಡವನಿಗೆ ಸಮಾನ ಆಸನವೇ ಒಂದು ವಾದ. ಅರಿಸ್ಟಾಟಲ್ ಹೇಳುವ ನಂಬುಗೆ ಇಲ್ಲಿ ಮಾತಿನಿಂದಲ್ಲದೆ ಸ್ಪರ್ಶದಿಂದ ಹುಟ್ಟುತ್ತಿದೆ. ಮುಂದೆ ಹೇಳಲಿರುವ ಕುಲದ ರಹಸ್ಯಕ್ಕೆ ಬೇಕಾದ ಅನುಭವವನ್ನು ಕೃಷ್ಣ ಮೊದಲೇ ಕರ್ಣನಿಗೆ ಕೊಟ್ಟುಬಿಡುತ್ತಾನೆ. ಕಾರಣವನ್ನು ಆಮೇಲೆ ಹೇಳುತ್ತಾನೆ.

ಮೂರನೆಯದು ಯುಕ್ತಿಯ ಹಂತ. ಯಾದವರಿಗೂ ಕೌರವರಿಗೂ ಭೇದವಿಲ್ಲ, ನೀನೇ ಭೂಮಿಯ ಒಡೆಯ, ಆದರೆ ನಿನಗೆ ನಿನ್ನ ನೆಲೆ ತಿಳಿದಿಲ್ಲ ಎಂಬ ಪೀಠಿಕೆಯ ನಂತರ ಜನ್ಮವೃತ್ತಾಂತ ಬರುತ್ತದೆ. ಕುಂತಿಗೆ ಮುನಿಯಿಂದ ದೊರೆತ ಮಂತ್ರಗಳು, ಅವುಗಳಲ್ಲಿ ಮೊದಲನೆಯದರಿಂದ ಹುಟ್ಟಿದವನು ಕರ್ಣ, ಅನಂತರ ಧರ್ಮರಾಯ, ಭೀಮ, ಅರ್ಜುನ, ಮಾದ್ರಿಗೆ ಕೊಟ್ಟ ಮಂತ್ರದಿಂದ ನಕುಲ ಸಹದೇವರು ಎಂದು ಎಣಿಕೆ ಸಾಗುತ್ತದೆ. ಇದು ವಂಶಾವಳಿಯ ರೂಪದಲ್ಲಿರುವ ತರ್ಕ. ಹಿರಿಯನಿಗೆ ರಾಜ್ಯ, ನೀನು ಹಿರಿಯ, ಆದ್ದರಿಂದ ರಾಜ್ಯ ನಿನ್ನದು. ಕೊನೆಯ ಮಾತನ್ನು ಕೇಳುಗನೇ ಮನಸ್ಸಿನಲ್ಲಿ ಪೂರೈಸಿಕೊಳ್ಳುವಂತೆ ಎಣಿಕೆಯನ್ನು ಜೋಡಿಸಲಾಗಿದೆ.

ನಾಲ್ಕನೆಯದು ಭಾವಚಿತ್ರದ ಹಂತ. ಹಸ್ತಿನಾವತಿಯ ಸಿಂಹಾಸನದಲ್ಲಿ ಕರ್ಣ ಕುಳಿತಿರುವ, ಒಂದು ಪಕ್ಕದಲ್ಲಿ ಕೌರವರು, ಇನ್ನೊಂದು ಪಕ್ಕದಲ್ಲಿ ಪಾಂಡವರು, ಎದುರಿನಲ್ಲಿ ಮಾದ್ರ, ಮಾಗಧ, ಯಾದವಾದಿಗಳು ಓಲೈಸುವ ದೃಶ್ಯವನ್ನು ಕೃಷ್ಣ ಕಣ್ಣಿಗೆ ಕಟ್ಟುವಂತೆ ಬಣ್ಣಿಸುತ್ತಾನೆ. ಅದರ ಬೆನ್ನಿಗೇ, ಇಂತಹ ಪದವಿಯನ್ನು ಬಿಟ್ಟು ದುರ್ಯೋಧನನ ಮುಂದೆ ಕೈಕಟ್ಟಿ ನಿಲ್ಲುವ ಈಗಿನ ಸ್ಥಿತಿಯನ್ನು ನೆನಪಿಸುತ್ತಾನೆ. ಆಸೆಯ ಚಿತ್ರ ಮತ್ತು ಅವಮಾನದ ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ಕೇಳುಗನನ್ನು ಎರಡರ ನಡುವೆ ನಿಲ್ಲಿಸುವ ಈ ವಿಧಾನದಲ್ಲಿ ಸಾಮ, ದಾನ, ಭೇದಗಳು ಒಂದೇ ಉಸಿರಿನಲ್ಲಿ ಬೆಸೆದುಕೊಂಡಿವೆ. ಸಮಾನ ಆಸನ ಸಾಮ, ಸಿಂಹಾಸನ ದಾನ, ಸೇವಕತನದ ನೆನಪು ಭೇದ.

ಇಲ್ಲಿ ಗಮನಿಸಬೇಕಾದ ಮಹತ್ವದ ಅಂಶವೆಂದರೆ ಕರ್ಣನ ಜನ್ಮದ ವಿಷಯದಲ್ಲಿ ಕೃಷ್ಣ ಸುಳ್ಳಾಡುತ್ತಿಲ್ಲ ಎಂಬುದು. ಆತನು ಹೇಳುವ ವೃತ್ತಾಂತ ಕಾವ್ಯದೊಳಗೆ ಸತ್ಯವೇ. ಸತ್ಯ–ಅಸತ್ಯಗಳ ಅಳತೆಗೋಲೊಂದರಿಂದಲೇ ಈ ಮಾತನ್ನು ಅಳೆಯಹೊರಟರೆ ಅದರಲ್ಲಿ ದೋಷವೇ ಕಾಣುವುದಿಲ್ಲ. ಆದರೆ ವಾತ್ಸ್ಯಾಯನನ ಎರಡನೆಯ ಪ್ರಶ್ನೆಯನ್ನು ಕೇಳಿದೊಡನೆ ಚಿತ್ರ ಬದಲಾಗುತ್ತದೆ. ಇಷ್ಟು ಕಾಲ ಅರಿತಿದ್ದ ಸತ್ಯವನ್ನು ಯುದ್ಧ ನಿಶ್ಚಯವಾದ ಈ ಗಳಿಗೆಯಲ್ಲಿ ಹೇಳುತ್ತಿರುವುದೇಕೆ? ಅಸ್ತ್ರಪರೀಕ್ಷೆಯ ರಂಗದಲ್ಲಿ ಕರ್ಣನ ಕುಲವನ್ನು ಕೇಳಿ ನಕ್ಕಾಗ ದೊರೆಯದ ಸತ್ಯ ಈಗ ದೊರೆಯುತ್ತಿರುವುದು ಯಾರ ಹಿತಕ್ಕಾಗಿ? ಸತ್ಯವೇ ಭೇದೋಪಾಯದ ಅಸ್ತ್ರವಾಗಬಲ್ಲುದೆಂಬ ಅರಿವು ಈ ಪ್ರಸಂಗದ ಮೊದಲ ಪಾಠ.

4. ಕರ್ಣನೆಂಬ ಕೇಳುಗ

ಮನವೊಲಿಕೆಯ ಅಧ್ಯಯನಗಳು ಸಾಮಾನ್ಯವಾಗಿ ಮಾತುಗಾರನ ಮೇಲೆಯೇ ಕೇಂದ್ರೀಕೃತವಾಗಿರುತ್ತವೆ. ಕುಮಾರವ್ಯಾಸನ ವೈಶಿಷ್ಟ್ಯವಿರುವುದು ಕೇಳುಗನ ಒಳಗನ್ನು ತೆರೆದು ತೋರಿಸುವಲ್ಲಿ. ಕೃಷ್ಣನ ಮಾತು ಮುಗಿದಾಗ ಕರ್ಣನ ಕೊರಳ ಸೆರೆ ಹಿಗ್ಗುತ್ತದೆ, ಕಣ್ಣೀರು ತುಂಬಿ ಹರಿಯುತ್ತದೆ. ಭಾವವನ್ನು ಎಬ್ಬಿಸುವ ಸಾಧನ ಪೂರ್ಣವಾಗಿ ಫಲಿಸಿದೆ. ಆದರೆ ಆ ಕಣ್ಣೀರಿನ ಅರ್ಥ ಕೃಷ್ಣ ಬಯಸಿದ ಅರ್ಥವಲ್ಲ. ತನಗೆ ರಾಜ್ಯ ದೊರೆಯಿತೆಂಬ ಸಂತೋಷವಾಗಲಿ, ತಾಯಿ ದೊರೆತಳೆಂಬ ನೆಮ್ಮದಿಯಾಗಲಿ ಅಲ್ಲಿಲ್ಲ. ದುರ್ಯೋಧನನಿಗೆ ಕೇಡು ಬಂದಿತಲ್ಲಾ ಎಂಬ ಮರುಕ ಅಲ್ಲಿದೆ. ಹರಿಯ ಹಗೆ ಸುಡದೆ ಬಿಡದು, ವಂಶದ ಗುಟ್ಟನ್ನು ಹೇಳಿಯೇ ತನ್ನನ್ನು ಕೊಂದನು ಎಂದು ಆತ ಒಳಗೊಳಗೇ ಅಂದುಕೊಳ್ಳುತ್ತಾನೆ. ಅಂದರೆ ಕರ್ಣನು ಮಾತಿನ ವಿಷಯವನ್ನು ಸತ್ಯವೆಂದು ಒಪ್ಪುತ್ತಾನೆ. ಅದೇ ಗಳಿಗೆಯಲ್ಲಿ ಮಾತಿನ ಉದ್ದೇಶವನ್ನು ಕೊಲೆಯೆಂದು ಗುರುತಿಸುತ್ತಾನೆ.

ಕರ್ಣನ ಮೌನವನ್ನು ಕಂಡ ಕೃಷ್ಣ ಮತ್ತೆ ಕೆಣಕುತ್ತಾನೆ. ಕುಂತಿಯ ಮಕ್ಕಳಿಂದ ಸೇವೆ ಮಾಡಿಸಿಕೊಳ್ಳಲು ಮನಸ್ಸಿಲ್ಲವೇ ಎಂದು ಕೇಳುತ್ತಾನೆ. ಇದು ಇಂದಿಗೂ ಬಳಕೆಯಲ್ಲಿರುವ ತಂತ್ರ: ಕೇಳುಗ ನಿರಾಕರಿಸಲು ಇರುವ ನಿಜವಾದ ಕಾರಣವನ್ನು ಬಿಟ್ಟು ಸುಲಭವಾಗಿ ಖಂಡಿಸಬಹುದಾದ ಬೇರೊಂದು ಕಾರಣವನ್ನು ಅವನ ಬಾಯಿಗೆ ತುರುಕುವುದು. ಕರ್ಣ ಆ ಬಲೆಗೆ ಬೀಳುವುದಿಲ್ಲ. ತನಗೆ ರಾಜ್ಯದ ಮೋಹವಿಲ್ಲವೆಂದೂ, ನಂಬಿ ಸಲಹಿದ ಒಡೆಯನನ್ನು ಬಿಡಲಾರೆನೆಂದೂ, ನಾಳಿನ ಯುದ್ಧದಲ್ಲಿ ಸೇನೆಯನ್ನು ಮಾರಿಗೆ ಔತಣವಾಗಿಸಿ ಒಡೆಯನ ಋಣಕ್ಕಾಗಿ ಈ ದೇಹವನ್ನು ಸವೆಸುವೆನೆಂದೂ ತನ್ನ ಕಾರಣವನ್ನು ತನ್ನ ಮಾತಿನಲ್ಲಿಯೇ ಮುಂದಿಡುತ್ತಾನೆ.

ಇಲ್ಲಿಗೆ ನಿಲ್ಲಿಸಿದರೆ ಕರ್ಣ ಗೆದ್ದಂತೆ ತೋರುತ್ತದೆ. ಆದರೆ ಕುಮಾರವ್ಯಾಸ ಇಲ್ಲಿಗೆ ನಿಲ್ಲಿಸುವುದಿಲ್ಲ. ಅದೇ ಉತ್ತರದ ಕೊನೆಯಲ್ಲಿ ಕರ್ಣನು ಐವರು ಪಾಂಡವರಿಗೆ ಕೇಡೆಸಗುವುದಿಲ್ಲವೆಂದು ಸೂರ್ಯನ ಮೇಲೆ ಆಣೆಯಿಟ್ಟು ನುಡಿಯುತ್ತಾನೆ. ಪಕ್ಷ ಬದಲಿಸು ಎಂಬುದು ಕೃಷ್ಣನ ಬಹಿರಂಗ ಬೇಡಿಕೆ. ಅದು ತಿರಸ್ಕೃತವಾಯಿತು. ಆದರೆ ಕೌರವಪಕ್ಷದ ಪ್ರಧಾನ ವೀರನ ಕೈಯಲ್ಲಿದ್ದ ಹಗೆತನದ ಹರಿತ ಆ ಮಾತಿನಿಂದಲೇ ಮೊಂಡಾಯಿತು. ಮುಂದೆ ಕುಂತಿ ಬಂದು, ಒಮ್ಮೆ ತೊಟ್ಟ ಬಾಣವನ್ನು ಮತ್ತೆ ತೊಡಬೇಡವೆಂದು ಬೇಡಿದಾಗ ಆ ಮೊಂಡುತನ ಪೂರ್ಣಗೊಳ್ಳುತ್ತದೆ. ಕರ್ಣಪರ್ವದಲ್ಲಿ ಗುರಿ ತಪ್ಪಿದ ಸರ್ಪಾಸ್ತ್ರ ಮರಳಿ ಬಂದು ಇನ್ನೊಮ್ಮೆ ತೊಡು ಎಂದಾಗ ಕರ್ಣ ಒಪ್ಪುವುದಿಲ್ಲ. ಉದ್ಯೋಗಪರ್ವದ ರಥದಲ್ಲಿ ಮೊದಲಾದ ಮಾತು ಕುರುಕ್ಷೇತ್ರದ ರಥದಲ್ಲಿ ಫಲ ಕೊಡುತ್ತದೆ.

ಆದ್ದರಿಂದ ಎರಡು ನಿರ್ಣಯಗಳಿಗೆ ಬರಬಹುದು. ಒಂದು, ಮಾತಿನ ಬಹಿರಂಗ ಬೇಡಿಕೆಯೇ ಅದರ ನಿಜವಾದ ಗುರಿಯಾಗಿರಬೇಕಾಗಿಲ್ಲ. ದೊಡ್ಡ ಬೇಡಿಕೆಯನ್ನು ನಿರಾಕರಿಸಿದವನು ಆ ನಿರಾಕರಣೆಯ ಭಾರ ಇಳಿಸಿಕೊಳ್ಳಲು ಸಣ್ಣದೊಂದನ್ನು ತಾನಾಗಿಯೇ ಕೊಟ್ಟುಬಿಡುತ್ತಾನೆ. ಎರಡು, ತಂತ್ರವನ್ನು ಗುರುತಿಸಿದ ಮಾತ್ರಕ್ಕೆ ಅದರ ಪರಿಣಾಮದಿಂದ ಪಾರಾದಂತಲ್ಲ. ಕರ್ಣನಷ್ಟು ಸ್ಪಷ್ಟವಾಗಿ ತಂತ್ರವನ್ನು ಕಂಡ ಕೇಳುಗ ಕನ್ನಡ ಕಾವ್ಯದಲ್ಲಿ ವಿರಳ. ಆದರೂ ಆತ ಸೋತನು. ಏಕೆಂದರೆ ಒಮ್ಮೆ ತಿಳಿದ ಸತ್ಯವನ್ನು ತಿಳಿಯದಂತೆ ಮಾಡಿಕೊಳ್ಳುವುದು ಸಾಧ್ಯವಿಲ್ಲ.

5. ಪಂಪನ ಪಾಠಾಂತರ

ಇದೇ ಸನ್ನಿವೇಶವನ್ನು ಪಂಪನು ಕ್ರಿ.ಶ. 941ರ ವಿಕ್ರಮಾರ್ಜುನವಿಜಯದಲ್ಲಿ ಬೇರೆ ಒತ್ತಿನೊಡನೆ ಕಟ್ಟಿದ್ದಾನೆ. ಅಲ್ಲಿ ಸತ್ಯಂತಪನೆಂಬ ಮುನಿಯಿಂದ ಕರ್ಣನ ಜನ್ಮರಹಸ್ಯವನ್ನು ದುರ್ಯೋಧನನು ಮೊದಲೇ ತಿಳಿದಿದ್ದಾನೆ. ಮುಳ್ಳಿನಿಂದ ಮುಳ್ಳನ್ನು ತೆಗೆಯುವ ಲೆಕ್ಕಾಚಾರದಿಂದ ಕರ್ಣನನ್ನು ಪೋಷಿಸಿದ್ದಾನೆ. ಕೃಷ್ಣ ಈ ಸಂಗತಿಯನ್ನು ಕರ್ಣನ ಮುಂದಿಡುತ್ತಾನೆ. ಕುಮಾರವ್ಯಾಸನ ಕೃಷ್ಣ ಕರ್ಣನಿಗೆ ಅವನ ಕುಲವನ್ನು ಕೊಡುವುದಕ್ಕೆ ಒತ್ತು ಕೊಟ್ಟರೆ, ಪಂಪನ ಕೃಷ್ಣ ಅದರ ಜೊತೆಗೆ ಗೆಳೆಯನ ಮೇಲಿನ ನಂಬುಗೆಯನ್ನೂ ಕಿತ್ತುಕೊಳ್ಳಲೆಳಸುತ್ತಾನೆ. ಪಾರಿಭಾಷಿಕವಾಗಿ ಹೇಳುವುದಾದರೆ ಇದು ಎದುರುಪಕ್ಷದವನ ಆಪ್ತತೆಯ ಮೇಲಿನ ದಾಳಿ. ಆದರೂ ಪಂಪನ ಕರ್ಣ ದುರ್ಯೋಧನನನ್ನು ಬಿಡುವುದಿಲ್ಲ. ಗೆಳೆಯನ ಉದ್ದೇಶ ಏನೇ ಇದ್ದಿರಲಿ, ತಾನು ಉಂಡ ಅನ್ನ ಮತ್ತು ಪಡೆದ ಮನ್ನಣೆ ನಿಜವಾದವು; ಅವುಗಳ ಋಣವೂ ನಿಜವಾದುದು ಎಂಬ ನೆಲೆಯಲ್ಲಿ ಆತನ ನಿಲುವನ್ನು ಅರ್ಥೈಸಬಹುದಾಗಿದೆ. ಮಾತುಗಾರನ ಉದ್ದೇಶವನ್ನು ಪರೀಕ್ಷಿಸುವುದು ಅಗತ್ಯವಾದರೂ ಉದ್ದೇಶವೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲವೆಂಬ ಎಚ್ಚರವನ್ನು ಪಂಪನ ಪಾಠ ಸೇರಿಸುತ್ತದೆ.

6. ಪ್ರತಿನಿದರ್ಶನ: ಪುಣ್ಯಕೋಟಿಯ ಮಾತು

ಭಾವವನ್ನು ಕಲಕುವ ಮಾತೆಲ್ಲವೂ ಸಂಶಯಾಸ್ಪದವೆಂಬ ತೀರ್ಮಾನಕ್ಕೆ ಬರುವ ಅಪಾಯ ಇಲ್ಲಿದೆ. ಅದಕ್ಕೆ ಉತ್ತರ ಗೋವಿನ ಹಾಡಿನಲ್ಲಿದೆ. ಪುಣ್ಯಕೋಟಿ ಹುಲಿಯ ಮುಂದೆ ಹಸಿದ ಕರುವಿನ ಮಾತನ್ನೆತ್ತುತ್ತಾಳೆ. ಅದು ಶುದ್ಧ ಭಾವಪ್ರೇರಣೆ. ಹುಲಿ ನಂಬುವುದಿಲ್ಲ, ಕೈಗೆ ಸಿಕ್ಕ ಬೇಟೆ ಮರಳಿ ಬಂದೀತೆಂದು ನಂಬಲು ಯುಕ್ತಿಯ ಆಧಾರವೂ ಇಲ್ಲ. ಆಕೆ ಮುಂದಿಡುವ ಆಧಾರ ತನ್ನ ಸತ್ಯಸಂಧತೆಯೊಂದೇ. ಆ ಆಧಾರ ನಿಜವೆಂದು ತಿಳಿಯುವುದು ಮಾತು ಮುಗಿದಾಗಲ್ಲ, ಆಕೆ ಮರಳಿ ಬಂದಾಗ. ಮಾತುಗಾರಳು ಮಾತಿನ ಬೆಲೆಯನ್ನು ತನ್ನ ಜೀವದಿಂದಲೇ ತೆರಲು ಸಿದ್ಧಳಾಗಿದ್ದಾಳೆ.

ಕೃಷ್ಣನ ಮಾತಿಗೂ ಪುಣ್ಯಕೋಟಿಯ ಮಾತಿಗೂ ಇರುವ ಅಂತರ ಸಾಧನಗಳದ್ದಲ್ಲ. ಇಬ್ಬರೂ ಭಾವವನ್ನು ಬಳಸುತ್ತಾರೆ, ಇಬ್ಬರೂ ಸತ್ಯವನ್ನೇ ನುಡಿಯುತ್ತಾರೆ. ಮಾತಿನ ಬೆಲೆಯನ್ನು ಯಾರು ತೆರುತ್ತಾರೆ ಎಂಬಲ್ಲಿ ಅಂತರವಿದೆ. ಒಂದು ಕಡೆ ಕೇಳಿದವನು ತೆರುತ್ತಾನೆ. ಇನ್ನೊಂದು ಕಡೆ ಆಡಿದವಳು ತೆರಲು ಬರುತ್ತಾಳೆ. ನುಡಿಗೂ ನಡೆಗೂ ಒಪ್ಪಂದವಿರಬೇಕೆಂಬ ವಚನಕಾರರ ಆಗ್ರಹವನ್ನೂ ಈ ಹಿನ್ನೆಲೆಯಲ್ಲಿ ಮನವೊಲಿಕೆಯ ನೀತಿಯಾಗಿ ಓದಲು ಸಾಧ್ಯವಿದೆ.

7. ಇಂದಿನ ವೇದಿಕೆ ಮತ್ತು ತರಗತಿ

ಮೇಲಿನ ವಿಶ್ಲೇಷಣೆಯನ್ನು ಕಡಕೊಳದಂತಹ ಊರಿನ ವೇದಿಕೆಗೆ ಅನ್ವಯಿಸಿ ನೋಡಬಹುದು. ನಾನೂ ಈ ಮಣ್ಣಿನ ಮಗ ಎಂದು ಆರಂಭಿಸುವ ಭಾಷಣಕಾರ ರಥದಲ್ಲಿನ ಸಮಾನ ಆಸನವನ್ನೇ ಮಾತಿನಲ್ಲಿ ಹಾಸುತ್ತಿದ್ದಾನೆ. ನಿಮ್ಮ ಮಕ್ಕಳಿಗೆ ಕೆಲಸ ಸಿಕ್ಕಿ ಊರು ಹೀಗಾಗುತ್ತದೆ ಎಂಬ ವರ್ಣನೆ ಸಿಂಹಾಸನದ ಚಿತ್ರದ ಇನ್ನೊಂದು ರೂಪ. ಎಷ್ಟು ದಿನ ಅವರ ಮುಂದೆ ಕೈಕಟ್ಟಿ ನಿಲ್ಲುತ್ತೀರಿ ಎಂಬ ಪ್ರಶ್ನೆ ಅವಮಾನದ ನೆನಪು. ಅಕ್ಕಪಕ್ಕದವರೆಲ್ಲ ಒಪ್ಪಿದ್ದಾರೆ, ನೀವೊಬ್ಬರೇ ಬಾಕಿ ಎಂದು ಮನೆಯ ಜಗಲಿಯ ಮೇಲೆ ಕುಳಿತು ಆಡುವ ಮಾತು ಏಕಾಂತದ ತಂತ್ರ. ಸಭೆ ಸೇರಿಸಿ ಹೇಳಿದರೆ ಆ ಮಾತಿನ ನಿಜಸ್ಥಿತಿ ಅಲ್ಲಿಯೇ ತಿಳಿದುಹೋಗುತ್ತದೆ.

ನ್ಯಾಯಶಾಸ್ತ್ರದ ಛಲದ ಕಲ್ಪನೆಯೂ ಇಲ್ಲಿ ಉಪಯುಕ್ತ. ನವಕಂಬಲವೆಂಬ ಮಾತನ್ನು ಹೊಸ ಕಂಬಳಿ ಎಂಬ ಅರ್ಥದಲ್ಲಿ ಆಡಿದಾಗ, ಒಂಬತ್ತು ಕಂಬಳಿ ಎಲ್ಲಿವೆ ಎಂದು ಕೇಳಿ ಗೆಲ್ಲುವ ವಾಕ್‌ಛಲದ ಉದಾಹರಣೆ ಪ್ರಸಿದ್ಧ. ಅಭಿವೃದ್ಧಿ, ಪರಿಹಾರ, ಸಾರ್ವಜನಿಕ ಹಿತ ಮುಂತಾದ ಪದಗಳು ವೇದಿಕೆಯ ಮೇಲೆ ಒಂದು ಅರ್ಥದಲ್ಲಿಯೂ ಕಾಗದದ ಮೇಲೆ ಇನ್ನೊಂದು ಅರ್ಥದಲ್ಲಿಯೂ ಬಳಕೆಯಾಗುವಾಗ ಇದೇ ಛಲ ಮರುಹುಟ್ಟು ಪಡೆಯುತ್ತದೆ.

ತರಗತಿಯಲ್ಲಿ ಈ ಭಾಗವನ್ನು ಬೋಧಿಸುವಾಗ ವಿದ್ಯಾರ್ಥಿಗಳ ಮುಂದೆ ಐದು ಪ್ರಶ್ನೆಗಳನ್ನಿರಿಸುವುದು ಸೂಕ್ತ. ಮಾತು ನಡೆದುದು ಎಲ್ಲಿ, ಯಾರು ಇಲ್ಲದಾಗ? ಈ ಸತ್ಯ ಈಗಲೇ ಏಕೆ ಹೊರಬಂದಿತು? ಯಾವ ಭಾವ ಎದ್ದಿತು, ಅದಕ್ಕೂ ತೀರ್ಮಾನಕ್ಕೂ ಸಂಬಂಧವೇನು? ನಿರಾಕರಿಸಿದ ಮೇಲೆಯೂ ಕೇಳುಗ ಏನನ್ನು ಕೊಟ್ಟನು? ಮಾತಿನ ಬೆಲೆಯನ್ನು ಕೊನೆಗೆ ಯಾರು ತೆತ್ತರು? ಈ ಪ್ರಶ್ನೆಗಳು ಕಾವ್ಯದ ರಸಾನುಭವಕ್ಕೆ ಅಡ್ಡಿಯಾಗುವುದಿಲ್ಲ. ಕರ್ಣನ ಕಣ್ಣೀರು ಎಂತಹ ಅರಿವಿನಿಂದ ಹುಟ್ಟಿದ್ದೆಂದು ತಿಳಿದಾಗ ಕರುಣರಸ ಇನ್ನಷ್ಟು ಗಾಢವಾಗುತ್ತದೆ.

8. ಉಪಸಂಹಾರ

ಮನವೊಲಿಕೆಯ ಸಾಧನಗಳು ತಮ್ಮಷ್ಟಕ್ಕೆ ಒಳಿತೂ ಅಲ್ಲ, ಕೆಡುಕೂ ಅಲ್ಲ. ನಂಬುಗೆ, ಭಾವ, ಯುಕ್ತಿಗಳಿಲ್ಲದೆ ಯಾವ ಮಾತೂ ನಡೆಯದು. ಕುಮಾರವ್ಯಾಸ ಕೃಷ್ಣನನ್ನು ದೂಷಿಸುವುದಿಲ್ಲ, ಆತ ಭಕ್ತಕವಿ. ಆದರೂ ಕೃಷ್ಣನ ಮಾತಿನಿಂದ ಕರ್ಣನಿಗಾದ ಗಾಯವನ್ನು ಆತ ಮರೆಮಾಚುವುದಿಲ್ಲ. ದೇವರೇ ಆಡಿದ ಮಾತನ್ನೂ ಕೇಳುಗನ ಕಡೆಯಿಂದ ನೋಡಬಲ್ಲ ಈ ದೃಷ್ಟಿಯೇ ಕನ್ನಡ ಕಾವ್ಯಪರಂಪರೆ ಇಂದಿನ ಕೇಳುಗನಿಗೆ ನೀಡಬಲ್ಲ ಬಹುದೊಡ್ಡ ಶಿಕ್ಷಣ. ಅರಿತು ಕೇಳುವುದರಿಂದ ಸೋಲು ತಪ್ಪುತ್ತದೆಂಬ ಭರವಸೆಯನ್ನು ಕರ್ಣನ ಕಥೆ ಕೊಡುವುದಿಲ್ಲ. ಆದರೆ ಏನನ್ನು ಬಿಟ್ಟುಕೊಡುತ್ತಿದ್ದೇನೆ, ಏನನ್ನು ಬಿಟ್ಟುಕೊಡಲಾರೆ ಎಂಬುದು ಅರಿತ ಕೇಳುಗನಿಗೆ ಗೊತ್ತಿರುತ್ತದೆ. ರಾಜ್ಯವನ್ನು ಬಿಟ್ಟು, ಜೀವವನ್ನು ಬಿಟ್ಟು, ಕೊಟ್ಟ ಮಾತನ್ನು ಬಿಡದ ಕರ್ಣ ಅಂತಹ ಕೇಳುಗ.